ಕಣದ ಮೇಲಿನ ಬಾಣ

ನಮ್ಮೂರಿನ ಕಣ ಈಗ ರಸ್ತೆಯ ಕೆಳಗಿದೆ. ಕಾಮಸಮುದ್ರದ ಕಡೆಯಿಂದ ಬೆಟ್ಟ ಸುತ್ತಿ ಇಳಿಯುವ ರಸ್ತೆಯನ್ನು ಅಗಲ ಮಾಡಿದಾಗ, ತಿರುವು ಕಡಿಮೆಯಾಗಲಿ ಎಂದು ಅದನ್ನು ನಮ್ಮ ಕಣದ ಮೇಲೆಯೇ ಹಾಯಿಸಿದರು. ಬೇರೆ ಕಡೆ ಕಣಕ್ಕೆ ಜಾಗ ತೋರಿಸುತ್ತೇವೆ ಎಂದವರು ವರ್ಗವಾಗಿ ಹೋದರು. ಅವರ ಕುರ್ಚಿಗೆ ಬಂದವರು, ಯಾವ ಕಣ ಎಂದು ಕೇಳಿದರು. ಅಲ್ಲಿಂದ ಈಚೆಗೆ ನಾವು ರಾಗಿಯನ್ನೂ ಹುರುಳಿಯನ್ನೂ ಟಾರಿನ ಮೇಲೆ ಹರಡುತ್ತೇವೆ. ಹಾಲಿನ ಗಾಡಿ, ಬಸ್ಸು, ಟ್ರ್ಯಾಕ್ಟರು ಅದರ ಮೇಲೆ ಹಾಯ್ದು ಹೋಗುತ್ತವೆ, ಕಾಯಿ ಒಡೆದು ಕಾಳು ಉದುರುತ್ತದೆ.

ಟಾರು ಬಿದ್ದರೂ ಅದು ನಮಗೆ ಕಣವೇ. ಹರಡುವ ಮುಂಚೆ ಒಂದು ಹಿಡಿ ಸಗಣಿ ಉಂಡೆ ಮಾಡಿ, ಗರಿಕೆ ಸಿಕ್ಕಿಸಿ, ಬೆನವಪ್ಪ ಎಂದು ರಸ್ತೆಯ ಅಂಚಿನಲ್ಲಿ ಕೂರಿಸಿ ಕೈ ಮುಗಿಯುತ್ತೇವೆ. ಕಾಳಿರುವ ಜಾಗಕ್ಕೆ ಚಪ್ಪಲಿ ಹಾಕಿಕೊಂಡು ಕಾಲಿಡುವುದಿಲ್ಲ. ನನ್ನ ತಾತ ರಾಶಿ ಕಾಯುತ್ತ ಆ ಕಣದಲ್ಲಿ ಕೂತು ಪದ ಹೇಳುತ್ತಿದ್ದರು, ಕನ್ನಡದ್ದು ಮುಗಿದರೆ ತೆಲುಗಿನದ್ದು. ಅರ್ಥ ತಿಳಿಯದ ವಯಸ್ಸಿನಲ್ಲಿ ಕೇಳಿದ್ದಕ್ಕೋ ಏನೋ, ಕಾಳು ಕಂಡರೆ ಇವತ್ತಿಗೂ ನನ್ನ ಕಾಲು ತಾನಾಗಿ ಹಿಂದೆ ಸರಿಯುತ್ತದೆ.

ನಮ್ಮ ಕಡೆಯ ಡ್ರೈವರುಗಳಿಗೂ ಒಂದು ನಡತೆ ಇದೆ. ಹುರುಳಿ ಹರಡಿದ್ದು ಕಂಡರೆ ನಿಧಾನ ಮಾಡಿ, ಬೇಕೆಂದೇ ಅದರ ಮೇಲೆ ಹತ್ತಿಸಿಕೊಂಡು ಹೋಗುತ್ತಾರೆ. ಪಕ್ಕಕ್ಕೆ ತಪ್ಪಿಸಿಕೊಂಡು ಹೋದರೆ, ಎದುರಿಗೆ ಸಿಕ್ಕವರನ್ನು ಮಾತಾಡಿಸದೆ ಹೋದ ಹಾಗೆ.

ಆ ಡಿಸೆಂಬರಿನಲ್ಲಿ ನನ್ನ ಅತ್ತಿಗೆ ಮುನಿನಾರಾಯಣಮ್ಮನ ಹುರುಳಿ ಮನೆಯ ಮುಂದೆ ಮೆದೆಯಾಗಿ ಕೂತಿತ್ತು. ಅಣ್ಣ ಕದಿರಪ್ಪ ವೈಟ್‌ಫೀಲ್ಡಿನಲ್ಲಿ ವಾಚ್‌ಮನ್, ಬಂಗಾರಪೇಟೆಯಿಂದ ರೈಲಿನಲ್ಲಿ ಓಡಾಡುತ್ತಾನೆ, ಭಾನುವಾರವೂ ಅವನಿಗೆ ಡ್ಯೂಟಿ. ಹೊಲದ ಕೆಲಸ ಅತ್ತಿಗೆಯದು, ಕೈಗೆ ಕೈ ಸೇರಿಸುವುದು ನನ್ನದು. ಚೆನ್ನೈ ಕಡೆ ಸೈಕ್ಲೋನ್ ಎದ್ದಿದೆ, ಭಾನುವಾರ ಇಳಿಹೊತ್ತಿಗೆ ನಮ್ಮಲ್ಲೂ ಜಡಿ ಹಿಡಿಯುತ್ತದೆ ಎಂದು ಟೀವಿಯವರು ಹೇಳುತ್ತಿದ್ದರು. ನೆಂದ ಹುರುಳಿ ಮೆದೆಯಲ್ಲೇ ಮೊಳೆಯುತ್ತದೆ, ಹೊಟ್ಟು ಕೊಳೆತು ಹಸು ಮೂಸಿಯೂ ನೋಡುವುದಿಲ್ಲ. ಒಕ್ಕಲು ಮಾಡುವುದಿದ್ದರೆ ಭಾನುವಾರ ಬೆಳಗ್ಗೆಯೇ ಮಾಡಬೇಕು.

ಶನಿವಾರ ಸಂಜೆ ಊರ ಮುಂದೆ ಒಂದು ಜೀಪು ನಿಂತಿತು. ಇಳಿದವನು ಸಾಯಿಕುಮಾರ್, ರಾಬರ್ಟ್‌ಸನ್‌ಪೇಟೆಯಲ್ಲಿ ಜಿಮ್ ಇಟ್ಟುಕೊಂಡವನು. ಬೆಂಗಳೂರಿನ ಸೈಕಲ್ ಸವಾರರಿಗೆ ನಮ್ಮ ಕಡೆಯ ಬೆಟ್ಟದ ದಾರಿ ಇಷ್ಟವಾಗಿದೆಯಂತೆ. ಬಂಗಾರಪೇಟೆ ಸ್ಟೇಷನ್ ಮುಂದಿನಿಂದ ಹೊರಟು, ಬೆಟ್ಟ ಹತ್ತಿ, ನಮ್ಮೂರಿನ ಮೇಲೆ ಇಳಿದು, ಉರಿಗಾಂನಲ್ಲಿ ಚಿನ್ನದ ಗಣಿಯ ಮಣ್ಣು ಸುರಿದು ಎದ್ದ ಸೈನೈಡ್ ದಿಣ್ಣೆಯ ಬುಡಕ್ಕೆ ಮುಟ್ಟುವುದು ಎಂದು ದಾರಿ ಗುರುತು ಮಾಡಿದ್ದ.

"ನಾಳೆ ಮಧ್ಯಾಹ್ನದವರೆಗೂ ಈ ರೋಡಲ್ಲಿ ಯಾವ ಗಾಡೀನೂ ಬರೋ ಹಾಗಿಲ್ಲ," ಎಂದ. "ಮುನ್ನೂರು ಜನ ಸೈಕಲ್ ಓಡಿಸ್ತಾರೆ. ನಿಮ್ಮೂರು ಮ್ಯಾಪಲ್ಲಿ ಬರ್ತಾ ಇದೆ ಕಣ್ರಪ್ಪ."

"ನಮ್ಮೂರು ಎಲ್ಲಿಗೂ ಓಗಿರ್ಲಿಲ್ವಲ್ಲಪ್ಪ," ಎಂದಳು ಅತ್ತಿಗೆ. "ಇಲ್ಲೇ ಇತ್ತು."

ಹಾಲಿನ ಗಾಡಿ ಓಡಿಸುವ ಮುನಿರಾಜು ಹತ್ತಿರ ಬಂದು ಕೇಳಿದ. "ಆಲಿನ ಗಾಡಿ ಏನ್ ಮಾಡ್ಲಿ ಸಾರ್?"

"ಒಂದಿನ ಮಧ್ಯಾಹ್ನ ತಗೊಂಡೋಗಿ."

"ಅಂಗಾದ್ರೆ ಅಸುಗಳಿಗೂ ಒಂದ್ಮಾತು ಯೋಳ್ಬುಟ್ಟೋಗಿ. ನಾವ್ ಯೋಳಿದ್ರೆ ಕೇಳಲ್ಲ ಅವು."

ಸಾಯಿಕುಮಾರ್ ನಕ್ಕ. ಕೇಳಿಕೊಳ್ಳಲು ಬಂದವನಲ್ಲ ಅವನು, ಹೇಳಿಹೋಗಲು ಬಂದವನು. ಊರ ಬೀದಿ ರಸ್ತೆಗೆ ಸೇರುವ ಕಡೆ ಹಗ್ಗ ಕಟ್ಟುವುದಕ್ಕೆ ಎರಡು ಗೂಟ ಹೊಡೆಸಿ ಹೋದ.

ಅತ್ತಿಗೆ ಜಗಲಿಯ ಮೇಲೆ ಕೂತು ಮೆದೆಯನ್ನೂ ಆಕಾಶವನ್ನೂ ನೋಡಿದಳು. ಆಮೇಲೆ, "ಸೈಕಲ್ ಬತ್ತವಲ್ಲ," ಎಂದಳು.

ಮುನಿರಾಜು ಬೀಡಿ ಹಚ್ಚುತ್ತಿದ್ದವನು ನಿಲ್ಲಿಸಿದ. "ಸೈಕಲ್ಲಲ್ಲಿ ಉರುಳಿ ತುಳಿಸ್ತೀಯಾ ಅಕ್ಕಾ?"

"ಒಂದು ತುಳಿಯಲ್ಲ ಕಣ್ಲಾ. ಮುನ್ನೂರು ತುಳೀತವೆ. ಒಬ್ಬೊಬ್ರ ಮೈಭಾರ ಸೇರ್ಸು, ಎಷ್ಟು ಎತ್ತಾಯ್ತು?"

"ಅವ್ರು ಎತ್ತಿನಂಗೆ ಸುತ್ತಾಡಲ್ಲಕ್ಕಾ. ಒಂದ್ಸಲ ಓದ್ರೆ ಓದಂಗೆ."

"ಮುನ್ನೂರು ಸಲ ಓದಂಗೇ ಅಲ್ವೇನ್ಲಾ ಅದು? ಗಾಡಿನೆಲ್ಲಾ ಅವರೇ ನಿಲ್ಸವ್ರೆ. ಮಳೆ ನಾನು ನಿಲ್ಸಕ್ಕಾಗ್ತದಾ?"

ನಮ್ಮೂರ ಸೈಕಲ್ಲುಗಳು ದಿನವೂ ಹುರುಳಿಯ ಮೇಲೆ ಹಾಯ್ದು ಹೋಗುತ್ತವೆ, ಯಾರಿಗೂ ಏನೂ ಆಗಿದ್ದಿಲ್ಲ. ಅವಳ ಲೆಕ್ಕ ನನಗೂ ಸರಿಯೆಂದೇ ಕಂಡಿತು.

ಭಾನುವಾರ ಹೊತ್ತು ಮೂಡುವಾಗ ಹಗ್ಗ ಹಿಡಿದು ಬಂದವಳು ಸೆಲ್ವಿ, ಉರಿಗಾಂನ ಗಣಿ ಕೂಲಿಗಳ ಲೈನುಮನೆಯವಳು. ಕೂಲಿಗೆ ಬಂದಿದ್ದಳು, ಚೂಡಿದಾರದ ಮೇಲೆ ಹಳದಿ ಟೀಶರ್ಟು ತೊಡಿಸಿದ್ದರು. ತಿಂಡಿ ಕೊಡುತ್ತೇವೆ ಎಂದಿದ್ದವರು ಕೊಟ್ಟಿರಲಿಲ್ಲ. ಅತ್ತಿಗೆ ಅವಳಿಗೆ ಒಂದು ಲೋಟ ಟೀ, ಎರಡು ರಾಗಿ ರೊಟ್ಟಿ ಕೊಟ್ಟು ಬಂದು, ಬೆನವಪ್ಪನನ್ನು ಕೂರಿಸಿದಳು. ಇಳಿಜಾರು ಮುಗಿದು ರಸ್ತೆ ಸಮವಾಗಿ ನೇರ ಹೋಗುವ ಜಾಗದಲ್ಲಿ, ದೂರದಿಂದಲೇ ಕಾಣುವಂತೆ, ಅರ್ಧ ರಸ್ತೆಗೆ ಮಾತ್ರ ಹುರುಳಿ ಹರಡಿದೆವು. ಅಂಚಿಗೆ ಕಲ್ಲಿಟ್ಟೆವು. ಕವೆಗೋಲಿಗೆ ನನ್ನ ಹೆಗಲ ಮೇಲಿನ ಕೆಂಪು ವಲ್ಲಿ ಕಟ್ಟಿ ಮುಂದೆ ನೆಟ್ಟೆವು.

ಸೈಕಲ್ಲುಗಳು ಬಂದವು. ನಾವು ಅಂದುಕೊಂಡಿದ್ದಂಥವಲ್ಲ. ಚಕ್ರ ನನ್ನ ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ, ಅಷ್ಟೆ. ಸವಾರರು ಬೆನ್ನು ಬಾಗಿಸಿ ನೆಲ ಮೂಸುವವರ ಹಾಗೆ ಕೂತಿದ್ದರು. ಬೆಟ್ಟದ ತಿರುವಿನಿಂದ ಸುಯ್ಯೆಂದು ಇಳಿದು, ಕೆಂಪು ಬಟ್ಟೆ ಕಂಡ ಕೂಡಲೇ ಒಬ್ಬರ ಹಿಂದೆ ಒಬ್ಬರು ಖಾಲಿ ಅರ್ಧಕ್ಕೆ ಸರಿದು ಹೋಗುತ್ತಿದ್ದರು.

ಅತ್ತಿಗೆ ರಸ್ತೆಗೆ ಬಂದು ಕೈ ಬೀಸಿದಳು. "ಮೇಲೆ ಬನ್ರಪ್ಪ, ಉರುಳಿ ಮೇಲೆ ಬನ್ನಿ. ಏನಾಗಲ್ಲ ತುಳೀರಿ."

ಒಬ್ಬ, "ಥ್ಯಾಂಕ್ಯೂ ಆಂಟಿ," ಎನ್ನುತ್ತ ಹೋದ. ಹುರಿದುಂಬಿಸುತ್ತಿದ್ದಾಳೆ ಎಂದು ತಿಳಿದನೇನೋ. ಇನ್ನೊಬ್ಬ ಹೆಬ್ಬೆರಳು ತೋರಿಸಿದ. ಮತ್ತೊಬ್ಬ ಹೋಗುತ್ತಲೇ ಫೋಟೋ ಹಿಡಿದ. ಸೈಕಲ್ಲುಗಳ ಸಾಲು ಹರಿಯುತ್ತಲೇ ಇತ್ತು. ಹುರುಳಿ ಹರಡಿದ ಹಾಗೇ ಬಿದ್ದಿತ್ತು, ಒಂದು ಕಾಯಿ ಒಡೆದಿರಲಿಲ್ಲ.

"ಎಂಥಾ ಮನುಷ್ಯರಪ್ಪ ಇವ್ರು," ಅತ್ತಿಗೆಯ ಮುಖ ಕೆಂಪಾಗಿತ್ತು. "ಬಾಯ್ಬಿಟ್ಟು ಕರೆದ್ರೂ ಸೊಟ್ಟಕ್ಕೆ ಓಗ್ತವೆ. ಒಂದಕ್ಕಾದ್ರೂ ನಡತೆ ಬೇಡ್ವಾ?"

ಆಗ ಒಂದು ಹುಡುಗಿ ನಿಧಾನ ಮಾಡಿದಳು. ಇಪ್ಪತ್ತರ ಆಸುಪಾಸು, ಹಣೆಯ ಮೇಲೆ ಬೆವರಿನ ಜೊತೆ ಕುಂಕುಮ ಇಳಿದಿತ್ತು. ಅವಳ ಹೆಸರು ನವ್ಯ ಎಂದು ಆಮೇಲೆ ತಿಳಿಯಿತು.

"ಏನಾಂಟಿ, ಕರೆದ್ರಾ?"

"ಇದರ ಮೇಲೆ ಓಗವ್ವ. ಕಾಳು ಉದುರ್ತದೆ. ಪುಣ್ಯ ಬತ್ತದೆ ನಿಂಗೆ."

"ಇದರ ಮೇಲಾ?" ಹುಡುಗಿ ನಕ್ಕಳು. "ಸರಿ, ಪುಣ್ಯ ಯಾಕೆ ಬಿಡ್ಲಿ," ಎಂದು ಸೈಕಲ್ ತಿರುಗಿಸಿದಳು.

ನಾಲ್ಕು ಮಾರು ಹೋಗಿರಬಹುದು. ಬಳ್ಳಿ ಚೈನಿಗೆ ಸುತ್ತಿಕೊಂಡಿತು, ಹಿಂದಿನ ಚಕ್ರ ಜಾರಿತು, ಹುಡುಗಿ ಕೈಯೂರಿ ಬಿದ್ದಳು. ಅತ್ತಿಗೆ ಮೊರ ಎಸೆದು ಓಡಿದಳು. ಹುಡುಗಿಯ ಒಂದು ಕಾಲು ಸೈಕಲ್ಲಿಗೇ ಅಂಟಿಕೊಂಡಿತ್ತು. ಅವರು ಬೂಟನ್ನು ಪೆಡಲ್ಲಿಗೆ ಸಿಕ್ಕಿಸಿಕೊಂಡು ಓಡಿಸುತ್ತಾರೆ, ನಮಗೇನು ಗೊತ್ತು. ನಾನು ಬೂಟು ಬಿಚ್ಚಿ, ಬೂಟಿನ ಸಮೇತ ಸೈಕಲ್ಲನ್ನು ಎತ್ತಿ ಪಕ್ಕಕ್ಕಿಟ್ಟೆ. ಅವಳ ಮಣಿಕಟ್ಟು ಆಗಲೇ ಊದುತ್ತಿತ್ತು.

"ನನ್ನ ಬಾಯಿಗೆ ಮಣ್ಣಾಕ," ಎಂದು ಅತ್ತಿಗೆ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. "ನಾನೇ ಕರೆದೆ ಕಣವ್ವ. ನಾನೇ ಕರೆದೆ."

"ಪರವಾಗಿಲ್ಲ ಆಂಟಿ. ನಾನೇ ಜೋರಾಗಿ ಬ್ರೇಕ್ ಹಿಡಿದ್ಬಿಟ್ಟೆ," ಎಂದಳು ಹುಡುಗಿ. ಅವಳ ತುಟಿ ಬೆಳ್ಳಗಾಗಿತ್ತು.

ಇಲ್ಲಿಯವರೆಗೆ ತಪ್ಪು ನಮ್ಮದೇ. ಅದನ್ನು ಅತ್ತಿಗೆಯೂ ಒಪ್ಪುತ್ತಾಳೆ, ನಾನೂ ಒಪ್ಪುತ್ತೇನೆ. ಆಮೇಲಿನದನ್ನು ಒಪ್ಪುವುದಕ್ಕೆ ಇವತ್ತಿಗೂ ಆಗಿಲ್ಲ.

ಸಾಯಿಕುಮಾರನ ಜೀಪು ಬಂತು. ಜೊತೆಗೆ ಹಳದಿ ಟೀಶರ್ಟಿನ ಇಬ್ಬರು ಆಳುಗಳು. ಬಿದ್ದವಳ ಕೈ ನೋಡುವ ಮೊದಲು ಅವನು ಹುರುಳಿ ನೋಡಿದ.

"ಯಾರು ಹಾಕಿದ್ದು ಇದನ್ನ?"

"ನಾನೇ," ಎಂದಳು ಅತ್ತಿಗೆ.

"ಸರ್, ನಾನೇ ಇದರ ಮೇಲೆ ಓಡಿಸಿದ್ದು," ಎಂದಳು ಹುಡುಗಿ. "ಪಕ್ಕದಲ್ಲಿ ಜಾಗ ಇತ್ತು. ಆಂಟಿ ಕರೆದ್ರು, ಅದಕ್ಕೆ..."

"ಕರೆದ್ರಾ?" ಅವನು ಫೋನು ತೆಗೆದು ಅತ್ತಿಗೆಯ ಮುಖಕ್ಕೆ ಹಿಡಿದ. "ನಾನೇ ಕರೆದದ್ದು," ಎಂದಳು ಅವಳು. ಅವನು ಫೋನಿಗೆ ಹೇಳತೊಡಗಿದ. "ನೋಡಿ ಫ್ರೆಂಡ್ಸ್, ರೈಡರ್‌ಗಳನ್ನ ಕರೆದು ಕರೆದು ಬೀಳಿಸ್ತಾರೆ ಇಲ್ಲಿ."

"ನಾನು ಹಾಗೆ ಹೇಳ್ಲಿಲ್ಲ ಸರ್," ಎಂದಳು ಹುಡುಗಿ. ಅವನಿಗೆ ಬೇಕಾದಷ್ಟು ಅವನು ಕೇಳಿಸಿಕೊಂಡಾಗಿತ್ತು. ಆಳುಗಳ ಕಡೆ ತಿರುಗಿ, "ತಳ್ರೋ ಇದನ್ನ ಮೋರಿಗೆ," ಎಂದ.

ಇಬ್ಬರೂ ಬೂಟುಗಾಲಿನಲ್ಲಿ ಹುರುಳಿಯನ್ನು ಒದೆಯತೊಡಗಿದರು. ರಸ್ತೆ ಪಕ್ಕದ ಮೋರಿಯಲ್ಲಿ ಬಚ್ಚಲ ನೀರು ನಿಂತಿತ್ತು. ಬಳ್ಳಿಯ ಹೊರೆ ಹೊರೆಯೇ ಅದರೊಳಕ್ಕೆ ಬಿತ್ತು. ಒಬ್ಬನ ಬೂಟು ಬೆನವಪ್ಪನ ಮೇಲೆ ಬಿತ್ತು. ಅವನು ಕಾಲೆತ್ತಿ ನೋಡಿ, ಸಗಣಿ ಎಂದು ಅಸಹ್ಯಪಟ್ಟು, ಹುರುಳಿಗೇ ಬೂಟು ಒರೆಸಿದ.

ಅತ್ತಿಗೆ ಹುಡುಗಿಯ ತಲೆಯನ್ನು ಮೆಲ್ಲಗೆ ನನ್ನ ತೋಳಿಗೆ ಒರಗಿಸಿ ಎದ್ದಳು. ಅವಳ ದನಿ ಏರಲಿಲ್ಲ.

"ಮೆಟ್ಟು ಬಿಚ್ಚು," ಎಂದಳು ಆ ಆಳಿಗೆ.

"ಏನು?"

"ಕಾಳು ಕಣಪ್ಪ ಅದು. ನಿಮ್ಮವ್ವ ಒಲೆ ಮೇಲೆ ಇಡೋದೂ ಅದೇ. ತೆಗೀಬೇಕಾದ್ರೆ ತೆಗಿ, ನಾನೂ ಕೈ ಆಕ್ತೀನಿ. ಮೆಟ್ಟು ಬಿಚ್ಚಿ ತೆಗಿ."

ಆಳು ನಿಂತ. ಸಾಯಿಕುಮಾರ್ ನಡುವೆ ಬಂದ. "ಏನಮ್ಮ, ರೋಡು ನಿಮ್ಮಪ್ಪಂದಾ?"

"ಅಲ್ಲ. ಕಣ ನಮ್ ಮಾವಂದು. ರೋಡು ಅದರ ಮೇಲೆ ಬಂದು ಕೂತಿರೋದು."

"ಕಂಪ್ಲೇಂಟ್ ಕೊಟ್ರೆ ಸ್ಟೇಷನ್ನಲ್ಲಿ ಕೂರಬೇಕಾಗ್ತದೆ."

"ಕೂರ್ತೀನಿ. ಮೊದ್ಲು ಈ ಮಗೀನ ಆಸ್ಪತ್ರೆಗೆ ಕಳ್ಸು. ನಿನ್ ಜೀಪಲ್ಲಿ ಕೂರಿಸ್ಕೊ."

ಜೀಪು ಕೊಡಲಾಗುವುದಿಲ್ಲ ಎಂದ ಅವನು. ಹಿಂದೆ ಇನ್ನೂ ನೂರು ಜನ ಸವಾರರಿದ್ದಾರೆ, ಜೀಪು ಅವರ ಜೊತೆಗಿರಬೇಕು. ಆಂಬುಲೆನ್ಸ್ ಇರುವುದು ಒಂದೇ, ಅದು ಮುಂದಿನ ಗುಂಪಿನ ಹಿಂದೆ ಉರಿಗಾಂ ಸೇರಿದೆ, ಫೋನು ಮಾಡಿದ್ದೇನೆ, ಬರುತ್ತದೆ. ಇಷ್ಟು ಹೇಳಿ ಅವನು ಮತ್ತೆ ವಿಡಿಯೋ ಮಾಡಲು ಫೋನು ಎತ್ತಿದ. ಹುಡುಗಿ ಕಣ್ಣು ಮುಚ್ಚಿ ಹಲ್ಲು ಕಚ್ಚಿಕೊಂಡಿದ್ದಳು.

ಅತ್ತಿಗೆ ಊರ ಬೀದಿಯ ಕಡೆ ನೋಡಿದಳು. ಹಗ್ಗದ ಹಿಂದೆ ಮುನಿರಾಜುವಿನ ಹಾಲಿನ ಗಾಡಿ. ಅದರ ಹಿಂದೆ ಕೋಲಾರದ ಮಂಡಿಗೆ ಹೊರಟ ಟೊಮೆಟೊ ಟೆಂಪೋಗಳು, ಕಲ್ಲು ತುಂಬಿದ ಟ್ರ್ಯಾಕ್ಟರು, ಜನ ಇಳಿದು ನಿಂತಿದ್ದ ಪ್ರೈವೇಟ್ ಬಸ್ಸು, ಬೈಕುಗಳು. ಬೆಳಗಿನಿಂದ ಅವೆಲ್ಲ ಅಲ್ಲೇ ಕಾಯುತ್ತಿದ್ದವು. ಬಂಗಾರಪೇಟೆ ಕಡೆಯ ಆಕಾಶ ಆಗಲೇ ಕಪ್ಪಗಾಗಿತ್ತು.

"ಕೋದಂಡ," ಎಂದಳು ನನಗೆ. "ಮಗೀನ ಜಗಲಿ ಮೇಲೆ ಕೂರ್ಸು. ನಿನ್ ವಲ್ಲಿ ತಕ್ಕೊಂಡು ಮೇಲ್ಗಡೆ ತಿರುವಿಗೆ ಓಗು. ಇಳಿಯೋರನ್ನ ಅಲ್ಲೇ ನಿಲ್ಸು. ಇನ್ನೊಬ್ರು ಬೀಳಬಾರ್ದು ಇವತ್ತು."

ಹುಡುಗಿಯನ್ನು ಕೂರಿಸಿ, ಕೆಂಪು ವಲ್ಲಿ ಕಿತ್ತುಕೊಂಡು ಹೊರಟೆ. ಹಗ್ಗದ ಹತ್ತಿರ ಹಾಯುವಾಗ ಅತ್ತಿಗೆ ಸೆಲ್ವಿಯ ಎದುರು ನಿಂತಿದ್ದಳು.

"ಬಿಚ್ಚವ್ವ."

"ಬಿಚ್ಚಬೇಡ ಅಂತ ಹೇಳಿದಾರಕ್ಕಾ. ಕೂಲಿ ಕೊಡಲ್ಲ ಆಮೇಲೆ."

"ನೀನು ಬಿಚ್ಬೇಡ. ನಾನು ಬಿಚ್ತೀನಿ. ನೀನು ಅತ್ಲಾಗೆ ತಿರುಗ್ಕೊ."

ಸೆಲ್ವಿ ಒಂದು ಗಳಿಗೆ ಅತ್ತಿಗೆಯ ಮುಖ ನೋಡಿ, ಬೆಟ್ಟದ ಕಡೆ ತಿರುಗಿ ನಿಂತಳು. "ನಾನ್ ಪಾಕ್ಕಲೆ ಅಕ್ಕಾ," ಎಂದಳು ತಮಿಳಿನಲ್ಲಿ. "ನಾನೇನೂ ನೋಡಿಲ್ಲ."

ಅತ್ತಿಗೆ ಗಂಟಿನೊಡನೆ ಗುದ್ದಾಡಿದಳು. ಅದು ಬರಲಿಲ್ಲ.

"ಅದಲ್ಲಕ್ಕಾ," ಎಂದಳು ಸೆಲ್ವಿ, ಬೆಟ್ಟ ನೋಡುತ್ತಲೇ. "ಕೆಳಗಡೆ ಗಂಟು."

ನಾನು ತಿರುವಿಗೆ ಓಡಿ ವಲ್ಲಿ ಬೀಸಿದೆ. ಇಳಿಯುತ್ತಿದ್ದವರು ಬ್ರೇಕು ಹಿಡಿದು ಒಬ್ಬೊಬ್ಬರಾಗಿ ನಿಂತರು. ಕೆಳಗೆ ಒಬ್ಬರು ಬಿದ್ದಿದ್ದಾರೆ ಎಂದೆ. ಒಬ್ಬ ತನ್ನ ಟೈಮಿಂಗ್ ಹಾಳಾಯಿತು ಎಂದು ಗೊಣಗಿದ. ಇನ್ನೊಬ್ಬ, ಪಾಪ, ನನಗೂ ನೀರಿನ ಬಾಟಲು ಚಾಚಿದ. ಅಲ್ಲಿಂದ ಊರು ಅಂಗೈಯಂತೆ ಕಾಣುತ್ತಿತ್ತು.

ಹಗ್ಗ ನೆಲಕ್ಕೆ ಬಿತ್ತು. ಮೊದಲು ಹಾಲಿನ ಗಾಡಿ ಮುಂದೆ ಬಂತು. ಮುನಿರಾಜು ಜಗಲಿಯ ಬಳಿ ನಿಲ್ಲಿಸಿ ಹುಡುಗಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡ, ಸೈಕಲ್ಲನ್ನು ಕ್ಯಾನುಗಳ ಮೇಲೆ ಮಲಗಿಸಿದ. ಸಾಯಿಕುಮಾರ್ ಎರಡು ಕೈಯೂ ಎತ್ತಿ ಅಡ್ಡ ನಿಂತ. ಗಾಡಿ ಅವನ ಎದುರು ನಿಂತಿತು. ಒಳಗಿನಿಂದ ಹುಡುಗಿ ಏನೋ ಹೇಳಿದಳು. ಏನು ಹೇಳಿದಳೋ ನನಗೆ ಕೇಳಲಿಲ್ಲ, ಅವನು ಮಾತ್ರ ಪಕ್ಕಕ್ಕೆ ಸರಿದ. ಮುನಿರಾಜು ಖಾಲಿ ಅರ್ಧವನ್ನು ಬಿಟ್ಟು, ಮೋರಿಗೆ ಬೀಳದೆ ಉಳಿದಿದ್ದ ಹುರುಳಿಯ ಮೇಲೆ ಮೆಲ್ಲಗೆ ಹತ್ತಿಸಿ, ಆಚೆಗಿಳಿದು, ರಾಬರ್ಟ್‌ಸನ್‌ಪೇಟೆಯ ಕಡೆ ಹೋದ.

ಆ ಸದ್ದು ಬೆಟ್ಟದ ತಿರುವಿನವರೆಗೂ ಬಂತು. ಒಣಗಿದ ಕಾಯಿ ಒಟ್ಟಿಗೆ ಒಡೆಯುವ ಸದ್ದು. ತಾತ ಪದದ ಸಾಲು ಮುಗಿಸಿ ಉಸಿರೆಳೆಯುವಾಗ ಎತ್ತಿನ ಗೊರಸಿನ ಕೆಳಗೆ ಕೇಳುತ್ತಿದ್ದುದೂ ಅದೇ. ನನ್ನ ಪಕ್ಕದಲ್ಲಿ ಇಷ್ಟೊಂದು ಜನ ನಿಂತಿರದಿದ್ದರೆ ನಾನು ಕೈ ಮುಗಿಯುತ್ತಿದ್ದೆ.

ಆಮೇಲೆ ಟೆಂಪೋಗಳು. ಆಮೇಲೆ ಕಲ್ಲಿನ ಟ್ರ್ಯಾಕ್ಟರು, ಅದರ ಭಾರಕ್ಕೆ ಬಳ್ಳಿ ಚಾಪೆಯ ಹಾಗೆ ಮಲಗಿತು. ಅತ್ತಿಗೆ ಕವೆಗೋಲು ಹಿಡಿದು, ಒಂದು ಗಾಡಿ ಹೋಗಿ ಇನ್ನೊಂದು ಬರುವಷ್ಟರಲ್ಲಿ ತಿರುವಿಹಾಕುತ್ತಿದ್ದಳು. ಬಸ್ಸಿನ ಹೆಂಗಸರಲ್ಲಿ ಇಬ್ಬರು ಚಪ್ಪಲಿ ಬಿಟ್ಟು ಬಂದು ಅವಳ ಜೊತೆ ಸೇರಿದರು. ಬೈಕಿನವರು ಹೋದವರು ಸುಮ್ಮನೆ ಹೋಗಲಿಲ್ಲ, ತಿರುಗಿ ಬಂದು ಇನ್ನೊಂದು ಸಲ ಹಾಯ್ದರು. ಸಾಯಿಕುಮಾರ್ ಬಸ್ಸಿನ ಬಾಗಿಲಿಗೆ ಬಡಿದು ಕೂಗುತ್ತಿದ್ದನಂತೆ. ಡ್ರೈವರು ಕಿಟಕಿಯಿಂದ ತಲೆ ಹಾಕಿ, "ನಿಮ್ ಜಿಮ್ಮಲ್ಲಿ ನಿಂತಲ್ಲೇ ತುಳಿಯೋ ಸೈಕಲ್ ಐತಂತಲ್ಲ ಸಾರ್, ಅದಕ್ಕೆ ಅಗ್ಗ ಕಟ್ಕೊಳಿ," ಎಂದನೆಂದು ಆಮೇಲೆ ಊರೆಲ್ಲ ಹೇಳಿಕೊಂಡು ನಕ್ಕಿತು.

ಸಾಲು ಕರಗಿದ ಮೇಲೆ ಅತ್ತಿಗೆ ಹುರುಳಿಯನ್ನೆಲ್ಲ ಅಂಚಿಗೆ ಎಳೆದು, ಪೊರಕೆ ಹಿಡಿದು ರಸ್ತೆಯ ಮೇಲೆ ಒಂದು ಕಾಳೂ ಉಳಿಯದಂತೆ ಗುಡಿಸಿ, ನನಗೆ ಕೈ ಮಾಡಿದಳು. ನಾನು ಸವಾರರನ್ನು ಬಿಟ್ಟೆ. ಅವರು ಚೊಕ್ಕಟವಾದ ರಸ್ತೆಯ ಮೇಲೆ ಸುಯ್ಯೆಂದು ಇಳಿದು ಹೋದರು.

ಇಳಿಹೊತ್ತಿಗೆ ಜಡಿ ಹಿಡಿಯಿತು. ಅಷ್ಟರಲ್ಲಿ ತೂರಿ ಚೀಲಕ್ಕೆ ತುಂಬಿದ್ದೆವು. ಮೋರಿಗೆ ಬಿದ್ದದ್ದನ್ನು ಎತ್ತಿ, ತೊಳೆದು, ಹಿತ್ತಲ ಚಪ್ಪರದ ಕೆಳಗೆ ಗಾಳಿಗೆ ಹಾಕಿದೆವು. ಕೈ ನಾರುತ್ತಿತ್ತು. ಸಂಜೆ ದೀಪ ಹಚ್ಚಿದ ಮೇಲೆ ಅತ್ತಿಗೆ, "ಬೆನವಪ್ಪನ್ನ ಮೆಟ್ಟಿದ್ದು ಅವನಿಗೆ ಗೊತ್ತಿಲ್ದೆ," ಎಂದಳು. "ಅದಕ್ಕೆ ಕೋಪ ಇಲ್ಲ ನಂಗೆ. ಒರೆಸಿದ್ನಲ್ಲ ಕೋದಂಡ. ಉರುಳಿಗೆ ಒರೆಸಿದ್ನಲ್ಲ."

ಜಡಿ ನಿಂತು ಬಿಸಿಲು ಬಂದ ದಿನ ಮುನಿರಾಜು ಫೋನು ತಂದು ತೋರಿಸಿದ. ಸಾಯಿಕುಮಾರನ ವಿಡಿಯೋ ಊರಿಂದೂರಿಗೆ ಓಡಾಡುತ್ತಿತ್ತು. ಅದರಲ್ಲಿ ಹಗ್ಗವಿಲ್ಲ, ಆಳುಗಳ ಬೂಟಿಲ್ಲ, ಜೀಪು ಕೊಡಲ್ಲ ಎಂದದ್ದಿಲ್ಲ. ನಾನೇ ಕರೆದದ್ದು ಎಂದು ಹೇಳುವ ಅತ್ತಿಗೆ ಮಾತ್ರ ಇದ್ದಳು. ಕೆಳಗೆ, ಸೈಕಲ್ ಸವಾರರನ್ನು ಬೀಳಿಸುವ ಅಜ್ಜಿ ಎಂದು ಬರೆದಿತ್ತು.

"ಅಜ್ಜಿನಾ?" ಎಂದಳು ಅತ್ತಿಗೆ. "ಅವನಿಗಿಂತ ನಾಕು ವರ್ಷ ದೊಡ್ಡೋಳಿದ್ರೆ ಎಚ್ಚು."

"ಅವತ್ತು ಬಿತ್ತಲ್ಲ, ಆ ಮಗಾ ಇದರ ಕೆಳಗೇ ನಡೆದಿದ್ದು ನಡೆದಂಗೆ ಬರೆದಿತ್ತಂತಕ್ಕಾ, ಅದನ್ನ ಅಳಿಸ್ಬುಟ್ಟವ್ರೆ. ನಂಗೆ ಫೋನ್ ಮಾಡಿತ್ತು. ಕೈಗೆ ಕಟ್ಟು ಆಕವ್ರಂತೆ. ಉರುಳಿ ಏನಾಯ್ತು ಅಂತ ಕೇಳ್ತು."

"ನೀನೇನ್ ಯೋಳ್ದೆ?"

"ಅರ್ಧ ಮನೆಗೆ ಬಂತು, ಅರ್ಧ ಮೋರಿಗೋಯ್ತು ಅಂದೆ."

"ಮೋರಿದೂ ಬತ್ತದೆ ಅಂತ ಯೋಳು," ಎಂದಳು.

ಮಾರನೆಯ ದಿನ ರಸ್ತೆಗೆ ಹೋದರೆ, ಕಣದ ನಟ್ಟನಡುವೆ ಬಿಳಿ ಬಣ್ಣದಲ್ಲಿ ಒಂದು ದೊಡ್ಡ ಬಾಣ. ಬೆಳಗಿನ ಜಾವ ಯಾರೋ ಬಂದು ಬರೆದು ಹೋಗಿದ್ದರು. ಬಾಣ ಕಣದ ಎದುರಿನ ಬಂಡೆಯ ಪಕ್ಕದಲ್ಲಿ ಒಡೆಯುವ ಕವಲು ದಾರಿಯ ಕಡೆ ತಿರುಗಿತ್ತು. ನಮ್ಮೂರಿನ ಕಡೆಗೆ ಒಂದು ಅಡ್ಡಗೀಟಿನ ಗುರುತು.

"ಏನಂತೆ ಇದು?" ಎಂದು ಕೇಳಿದಳು ಅತ್ತಿಗೆ.

"ಮುಂದಿನ ಸಲ ಸೈಕಲ್ನವರು ನಮ್ಮೂರಿನ ಮೇಲೆ ಬರಬಾರದು, ಆ ದಾರೀಲಿ ಹೋಗಬೇಕು ಅಂತ ಅತ್ತಿಗೆ."

ಅವಳು ಬಾಣದ ಸುತ್ತ ಬರಿಗಾಲಿನಲ್ಲಿ ಒಂದು ಸುತ್ತು ನಡೆದಳು. "ಓಗೋರು ಓಗ್ಲಿ. ಬರಕ್ಕೆ ಮುಂಚೆ ಒಂದ್ಮಾತು ಕೇಳಿದ್ರಾ? ಬರೆಯಕ್ಕೆ ಮುಂಚೆ ಕೇಳಿದ್ರಾ?" ಎಂದಳು. ಉತ್ತರಕ್ಕೆ ಕಾಯದೆ ಹಿತ್ತಲಿಗೆ ಹೋಗಿ, ಮೋರಿಯಿಂದ ಎತ್ತಿ ಒಣಗಿಸಿದ್ದ ಹುರುಳಿಯ ಹೊರೆಯನ್ನು ಹೊತ್ತು ತಂದಳು. ನಾನು ಹಸಿ ಸಗಣಿ ತಂದೆ. ಗರಿಕೆ ಸಿಕ್ಕಿಸಿ ಬೆನವಪ್ಪನನ್ನು ಅಂಚಿನಲ್ಲಿ ಕೂರಿಸಿದಳು, ಈ ಸಲ ಸುತ್ತಲೂ ನಾಲ್ಕು ಕಲ್ಲಿಟ್ಟಳು. ಬಾಣದ ತಲೆಯಿಂದ ಬಾಲದವರೆಗೆ ಬಿಳಿ ಕಾಣದ ಹಾಗೆ ಹುರುಳಿ ಹರಡಿದಳು.

ಬೆಟ್ಟದ ತಿರುವಿನಲ್ಲಿ ಲಾರಿಯೊಂದು ಕಾಣಿಸಿತು. ಆಂಧ್ರದ ನಂಬರು, ಯಾವತ್ತೂ ನೋಡಿದ ಗಾಡಿಯಲ್ಲ. ಇಳಿಜಾರು ಮುಗಿಯುತ್ತಲೇ ಡ್ರೈವರು ಹುರುಳಿ ಕಂಡು ನಿಧಾನ ಮಾಡಿದ. ಪಕ್ಕದಲ್ಲಿ ಬೇಕಾದಷ್ಟು ಜಾಗವಿತ್ತು. ಅವನು ಸ್ಟಿಯರಿಂಗ್ ಒಂದಿಷ್ಟು ತಿರುಗಿಸಿ ಮೆಲ್ಲಗೆ ಅದರ ಮೇಲೆಯೇ ಹತ್ತಿಸಿದ.

ಅತ್ತಿಗೆ ಕೈಯೆತ್ತಿದಳು. ಅವನೂ ಎತ್ತಿದ.